ಹಿಡಿದದ್ದನ್ನು ಕೆಳಗಿಟ್ಟವನು

ಬೆಂಗಳೂರಿನಲ್ಲಿ ಫುಟ್‌ಬಾಲ್ ಆಡಿದ್ದೇನೆ, ಕೋಲಾರದ ಗಣಿಯಲ್ಲಿ ಆಡಿದ್ದೇನೆ, ಬೊಂಬಾಯಿಯ ಗಿರಣಿ ತಂಡದಲ್ಲಿ ಮೂರು ವರ್ಷ, ಕಲ್ಕತ್ತೆಯ ಕೆಸರಿನಲ್ಲಿ ಎರಡು ಮಳೆಗಾಲ. ಅಷ್ಟು ಊರುಗಳಲ್ಲಿ ಎಂತೆಂಥ ಗೋಲ್‌ಕೀಪರುಗಳನ್ನೋ ನೋಡಿದೆ. ಚೆಂಡು ಬಂದರೆ ಕಣ್ಣು ಮುಚ್ಚುವವರು, ಬಂದ ಚೆಂಡಿಗಿಂತ ಜೋರಾಗಿ ಕೂಗಿಕೊಳ್ಳುವವರು, ಕುಡಿದು ಬಂದು ಕಂಬಕ್ಕೆ ಒರಗಿ ತೂಕಡಿಸಿದವನೊಬ್ಬ. ಆದರೆ ಅಚ್ಚುಕಟ್ಟಾಗಿ ಹಿಡಿದ ಚೆಂಡನ್ನು ಗೋಲಿನ ಬಾಯಲ್ಲೇ ಮೆಲ್ಲಗೆ ನೆಲಕ್ಕಿಟ್ಟು, ಆಮೇಲೆ ತಲೆಯೆತ್ತಿ ಆಕಾಶ ನೋಡಿದ ಮನುಷ್ಯನನ್ನು ಕಂಡದ್ದು ಸಾಗರದಲ್ಲಿ ಮಾತ್ರ.

ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟು ಆಟ ಕಲಿಸುವ ಕೆಲಸ ಹಿಡಿದಿದ್ದೆ. ಅರವತ್ತರ ದಶಕದ ಒಂದು ಶ್ರಾವಣದಲ್ಲಿ ಸಾಗರದ ಕ್ಲಬ್ಬೊಂದು ನನ್ನನ್ನು ನಾಲ್ಕು ತಿಂಗಳಿಗೆಂದು ಕರೆಸಿಕೊಂಡಿತು. ಕಾರ್ತಿಕದಲ್ಲಿ ಪಂದ್ಯಾವಳಿ. ಸೆಮಿಫೈನಲ್ ಹೊಸನಗರದಲ್ಲಿ, ಫೈನಲ್ ತೀರ್ಥಹಳ್ಳಿಯಲ್ಲಿ. ಕ್ಲಬ್ಬಿನ ಅಧ್ಯಕ್ಷರು ಅಡಿಕೆ ಮಂಡಿಯ ಸಾಹುಕಾರರು. ಅವರ ಮಂಡಿಯ ಮೇಲಿನ ಕೋಣೆಯಲ್ಲೇ ನನಗೆ ವಾಸ. ಕೆಳಗೆ ಅಡಿಕೆ ಮೂಟೆ, ಮೇಲೆ ನಾನು. ಇಬ್ಬರನ್ನೂ ಅವರು ಒಂದೇ ಕಣ್ಣಿನಿಂದ ನೋಡುತ್ತಿದ್ದರು ಎನ್ನುವುದು ನನಗೆ ತಡವಾಗಿ ತಿಳಿಯಿತು.

ಬಂದ ದಿನವೇ ಅವರು ಒಂದು ವಿಷಯ ಹೇಳಿದರು. ಹೊರಗಿನ ಊರಿನ ಕಾರ್ಖಾನೆಯೊಂದಕ್ಕೆ ಒಳ್ಳೆಯ ತಂಡವಿತ್ತು. ಅದರ ಗೋಲ್‌ಕೀಪರ್ ಆಟ ಬಿಟ್ಟಿದ್ದ. ಆ ತಂಡದ ಮ್ಯಾನೇಜರು ಫೈನಲ್ ನೋಡಲು ಬರುತ್ತಾರೆ, ಮನಸ್ಸಿಗೆ ಬಂದ ಗೋಲ್‌ಕೀಪರಿಗೆ ಕಾರ್ಖಾನೆಯಲ್ಲಿ ಕಾಯಂ ಕೆಲಸ, ಇರಲು ಮನೆ.

"ನಮ್ಮ ಅಕ್ಕನ ಮಗ ಇದ್ದಾನೆ. ಶಿವಮೊಗ್ಗದಲ್ಲಿ ಓದಿದವನು. ಅವನನ್ನ ಸ್ವಲ್ಪ ತಯಾರು ಮಾಡಿ ಮೇಷ್ಟ್ರೇ" ಎಂದರು ಅಧ್ಯಕ್ಷರು.

"ಯಾರ ಕೈ ಚೆನ್ನಾಗಿದೆಯೋ ಅವರು ನಿಲ್ಲುತ್ತಾರೆ" ಎಂದೆ. ಅವರು ನಕ್ಕರು. ಆ ನಗುವಿಗೆ ಆಗಲೇ ಅರ್ಥ ಹುಡುಕಬೇಕಿತ್ತು.

ಅಕ್ಕನ ಮಗನನ್ನು ಮೊದಲ ದಿನವೇ ನಿಲ್ಲಿಸಿ ನೋಡಿದೆ. ಎತ್ತರವಿದ್ದ, ಕೈಗೆ ಚರ್ಮದ ಗವಸು ಬೇರೆ. ಚೆಂಡು ಹತ್ತಿರ ಬಂದ ಕೂಡಲೇ ಮುಖ ಪಕ್ಕಕ್ಕೆ ತಿರುಗುತ್ತಿತ್ತು. ನೂರು ಸಲ ಹೇಳಿದೆ, ನೂರು ಸಲವೂ ತಿರುಗಿತು. ಕಲಿಸಿ ಬರುವ ವಿದ್ಯೆಯಲ್ಲ ಅದು.

ಎರಡನೆಯ ವಾರ ನಮ್ಮ ಲೆಫ್ಟ್ ಬ್ಯಾಕ್ ಒಬ್ಬನನ್ನು ಕರೆತಂದ. ಈ ಲೆಫ್ಟ್ ಬ್ಯಾಕ್ ಸಾಗರ ಹೊಸನಗರದ ನಡುವೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರು. ಅವನ ಕಾಲಿಗಿಂತ ಗಂಟಲು ಜೋರು. ಬಂದವನಿಗೆ ಮೂವತ್ತರ ಹತ್ತಿರ ವಯಸ್ಸು, ಗಿಡ್ಡ, ಅಗಲ ಭುಜ, ಮಂಡಿಯ ಮೇಲೆ ಕಟ್ಟಿದ ಪಂಚೆ, ಬರಿಗಾಲು.

"ಇವ್ರ ಕೈ ನೋಡಿ ಮೇಷ್ಟ್ರೇ. ಬಸ್ಸಿನ ಟಾಪಿಂದ ಮೂಟೆ ಎಸೆದ್ರೆ ಕೆಳಗೆ ನಿಂತ್ಕಂಡು ಹಿಡೀತಾರೆ. ಒಂದೂ ನೆಲಕ್ ಬೀಳಲ್ಲ" ಎಂದ ಕಂಡಕ್ಟರು.

ವಿಚಾರಿಸಿದೆ. ಶರಾವತಿಗೆ ಅಣೆಕಟ್ಟು ಬಂದಾಗ ಅವನು ಗೇಣಿಗೆ ಮಾಡುತ್ತಿದ್ದ ಗದ್ದೆ ನೀರಿನಡಿ ಹೋಗಿತ್ತು. ಗದ್ದೆಯ ಕಾಗದ ಒಡೆಯರ ಹೆಸರಿನಲ್ಲಿದ್ದುದರಿಂದ ಪರಿಹಾರವೂ ಅವರಿಗೇ. ಈಗ ಹೆಂಡತಿ, ತಾಯಿಯನ್ನು ಕಟ್ಟಿಕೊಂಡು ಹೊಸನಗರದ ರಸ್ತೆಯ ಪಕ್ಕ ಒಂದು ಗುಡಿಸಲು. ಅಡಿಕೆ ಕೊಯ್ಲಿನ ಕಾಲದಲ್ಲಿ ಕೊನೆ ಹಿಡಿಯುವ ಕೆಲಸ, ಉಳಿದ ದಿನ ಸಿಕ್ಕಿದ ಕೂಲಿ. ಕೊನೆ ಹಿಡಿಯುವುದೆಂದರೆ ಮರದ ತುದಿಯಲ್ಲಿರುವ ಕೊನೆಗೌಡ ಅಡಿಕೆಯ ಗೊನೆ ಕೊಯ್ದು ಬಿಟ್ಟಾಗ, ಕೆಳಗೆ ಗೋಣಿಯ ತುಂಡು ಹಿಡಿದು ನಿಂತು ಒಂದು ಅಡಿಕೆಯೂ ಚದುರದ ಹಾಗೆ ಅದನ್ನು ಕೈಗೆ ತೆಗೆದುಕೊಳ್ಳುವುದು. ಐವತ್ತು ಅಡಿ ಮೇಲಿಂದ ಬರುವ ಭಾರ ಅದು.

ನಾನು ಚೆಂಡನ್ನು ನೀರಿನ ತೊಟ್ಟಿಯಲ್ಲಿ ಅದ್ದಿಸಿದೆ. ನೆನೆದ ಚರ್ಮದ ಚೆಂಡು ಕಲ್ಲಿನಷ್ಟು ತೂಕ, ಹಿಡಿಯಲು ಹೋದರೆ ಜಾರುತ್ತದೆ. ಹದಿನೆಂಟು ಗಜದಿಂದ ಎತ್ತಿ ಹೊಡೆದೆ. ಅವನು ಎದೆಯೊಡ್ಡಲಿಲ್ಲ. ಎರಡು ಕೈ ಮೇಲಕ್ಕೆ ಚಾಚಿ, ಚೆಂಡು ತಾಗುವ ಕ್ಷಣಕ್ಕೆ ಅದರ ಜೊತೆಗೇ ಕೈಯನ್ನು ಕೆಳಕ್ಕೆ ಇಳಿಸುತ್ತ, ಮಂಡಿ ಮಡಿಸಿ ಕುಕ್ಕರುಗಾಲಿನಲ್ಲಿ ಕುಳಿತ. ಸದ್ದೇ ಆಗಲಿಲ್ಲ. ಇನ್ನೊಂದು ಹೊಡೆದೆ. ಅದೂ ಹಾಗೆಯೇ. ಕಲ್ಕತ್ತೆಯ ದೊಡ್ಡ ಗೋಲ್‌ಕೀಪರುಗಳ ಅಂಗೈಯಲ್ಲಿ ಫಟ್ಟೆಂದು ಸದ್ದಾಗುವುದನ್ನು ಕೇಳಿದವನು ನಾನು. ಈ ಮನುಷ್ಯ ಮಗುವನ್ನು ಎತ್ತಿಕೊಂಡಂತೆ ತೆಗೆದುಕೊಳ್ಳುತ್ತಿದ್ದ. ನನಗೆ ಖುಷಿಯಾಯಿತು. ಆ ನಾಲ್ಕು ತಿಂಗಳಲ್ಲಿ ಖುಷಿಯಾದ ದಿನಗಳು ಕಡಿಮೆ, ಅದಕ್ಕೇ ನೆನಪಿದೆ.

ಮರುಕ್ಷಣವೇ ಅವನು ಚೆಂಡನ್ನು ಗೋಲಿನ ಮುಂದೆ ನೆಲದ ಮೇಲಿಟ್ಟು ಆಕಾಶ ನೋಡಿದ. ನಮ್ಮ ಸೆಂಟರ್ ಫಾರ್ವರ್ಡ್ ನಡೆದುಕೊಂಡು ಬಂದು, ಕಾಲಿನ ತುದಿಯಲ್ಲಿ ತಳ್ಳಿ ಗೋಲು ಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಯಾಕಯ್ಯ ಕೆಳಗಿಟ್ಟೆ?" ಎಂದೆ.

"ಹಿಡ್ದಾದ್ಮೇಲೆ ಕೆಳಗಿಡ್ಬೇಕಲ್ರಾ ಮೇಷ್ಟ್ರೇ. ಕೈ ಖಾಲಿ ಇಲ್ದಿದ್ರೆ ಇನ್ನೊಂದು ಬಂದು ತಲೆ ಮೇಲೆ ಬೀಳ್ತದೆ."

"ಇಲ್ಲಿ ಇನ್ನೊಂದು ಬರುವುದಿಲ್ಲ. ಇರುವುದೇ ಒಂದು ಚೆಂಡು."

"ಅದು ಗೊತ್ತು ಮೇಷ್ಟ್ರೇ. ಕೈಗೆ ಗೊತ್ತಿಲ್ಲ."

ಕೈಗೆ ಕಲಿಸಲು ಎರಡು ತಿಂಗಳು ಹಿಡಿಯಿತು. ಹಿಡಿದ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಗೋಲಿನ ಕಂಬ ಸುತ್ತಿಸಿದೆ. ಚೆಂಡು ಕೈಯಲ್ಲಿದ್ದಾಗ ಮೇಲೆ ನೋಡಬೇಡ, ಕೈಯಲ್ಲಿರುವುದನ್ನು ನೋಡು ಎಂದು ದಿನಕ್ಕೆ ಐವತ್ತು ಸಲ ಕೂಗಿದೆ. ನಾಲ್ಕು ಹೆಜ್ಜೆ ಇಡು, ಎತ್ತಿ ಒದೆ. ಮಳೆ ಸುರಿಯುತ್ತಿದ್ದರೂ ಬಿಡಲಿಲ್ಲ. ಆಶ್ವಯುಜದ ಹೊತ್ತಿಗೆ ಅವನು ಚೆಂಡು ಕೆಳಗಿಡುವುದನ್ನು ಬಿಟ್ಟ. ಒದೆತ ಮಾತ್ರ ಸೊಟ್ಟಗೇ ಹೋಗುತ್ತಿತ್ತು. ಇರಲಿ ಎಂದುಕೊಂಡೆ. ಕಾರ್ಖಾನೆಯ ಕೆಲಸದ ವಿಷಯ ಅವನಿಗೂ ಹೇಳಿದೆ. ಮಾರನೆಯ ದಿನ ಕಂಡಕ್ಟರು ಹೇಳಿದ, "ಅವ್ರ ಅವ್ವ ಬಸ್ ನಿಲ್ಸಿ ಕೇಳ್ತು ಮೇಷ್ಟ್ರೇ, ಮನೆ ಕೊಡ್ತಾರಂತೆ ಹೌದಾ ಅಂತ. ಸೋರ್ದೇ ಇರೋ ಮನೆಯಾ ಅಂತ."

ಅಲ್ಲಿಂದ ಮುಂದೆ ಆ ಕೆಲಸ ಅವನಿಗೇ ಸಿಗಬೇಕೆಂದು ನನಗೆ ಹಟ ಬಂತು. ನನ್ನ ಹಟ ನನಗೆ ಗೊತ್ತು. ಅದರ ಬೆನ್ನಿಗೇ ಸಿಟ್ಟು ಬರುತ್ತದೆ.

ದೀಪಾವಳಿ ಮುಗಿದು ಅಡಿಕೆ ಕೊಯ್ಲು ಶುರುವಾಯಿತು. ಅವನು ಒಂದು ವಾರ ಅಭ್ಯಾಸಕ್ಕೆ ಬರಲಿಲ್ಲ. ಕೊಯ್ಲು ಬಿಟ್ಟರೆ ವರ್ಷದ ಅನ್ನ ಹೋಗುತ್ತದೆ, ಬಾ ಎನ್ನಲು ನಾನು ಯಾರು? ಸೆಮಿಫೈನಲ್ಲಿನ ಬೆಳಿಗ್ಗೆ ತೋಟದಿಂದ ನೇರ ಕಂಡಕ್ಟರಿನ ಬಸ್ಸು ಹತ್ತಿ ಹೊಸನಗರಕ್ಕೆ ಬಂದಿಳಿದ. ಅಂಗೈ ತುಂಬ ಅಡಿಕೆಯ ಕರಿ ಕರೆ.

ಮೊದಲರ್ಧದಲ್ಲಿ ನಾವು ಎರಡು ಗೋಲು ಹೊಡೆದೆವು. ಉತ್ತರಾರ್ಧದಲ್ಲಿ ಹೊಸನಗರದವರು ಒಂದು ಎತ್ತರದ ಚೆಂಡು ಹಾಕಿದರು. ಇವನು ಮೇಲೆ ಚಾಚಿ, ಜೊತೆಗೇ ಇಳಿದು, ಸದ್ದಿಲ್ಲದೆ ಹಿಡಿದ. ನೋಡುತ್ತಿದ್ದವರು ಹೋ ಎಂದರು. ಆಮೇಲೆ ಚೆಂಡನ್ನು ಎಡಗಡೆಗೆ ಜೋಪಾನವಾಗಿ ನೆಲಕ್ಕಿಟ್ಟು ಆಕಾಶ ನೋಡಿದ.

ಅವರ ಫಾರ್ವರ್ಡ್ ಗೋಲು ಮಾಡಿದ. ಮೈದಾನಕ್ಕೆ ಮೈದಾನವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಪಿತ್ತ ನೆತ್ತಿಗೇರಿತು. ಉಳಿದ ಹೊತ್ತು ಹೇಗೋ ಕಳೆದು ಎರಡು ಒಂದರಲ್ಲಿ ಗೆದ್ದೆವು, ಆದರೆ ಆ ಗೆಲುವು ನನ್ನ ತಲೆಯೊಳಗೆ ಇಳಿಯಲೇ ಇಲ್ಲ. ಆಟ ಮುಗಿದ ಕೂಡಲೇ ಎಲ್ಲರ ಎದುರಿಗೆ ಅವನ ಮೇಲೆ ಹರಿಹಾಯ್ದೆ.

"ಎರಡು ತಿಂಗಳು ಗಂಟಲು ಹರಿದುಕೊಂಡೆನಲ್ಲ, ಗೋಡೆಗೆ ಹೇಳಿದ್ದರೆ ಗೋಡೆ ಕಲಿಯುತ್ತಿತ್ತು. ಚೆಂಡು ಕೈಯಲ್ಲಿದ್ದಾಗ ಎತ್ತ ನೋಡ್ತಿದ್ದೆ? ನಿನಗೆ ಕೆಲಸ ಬೇಕೋ ಬೇಡವೋ?"

ಅವನು ಅಂಗೈ ನೋಡಿಕೊಳ್ಳುತ್ತ ನಿಂತಿದ್ದ. ಅಧ್ಯಕ್ಷರು ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ಹೋಗ್ಲಿ ಬಿಡಿ ಮೇಷ್ಟ್ರೇ. ಫೈನಲ್ಲಿಗೆ ನಮ್ಮ ಹುಡುಗ ನಿಲ್ತಾನೆ. ಪಟ್ಟಿ ಬರೆಸಿಬಿಡ್ತೀನಿ."

ಆ ಕೈ ಭುಜದ ಮೇಲೆ ಬಿದ್ದ ಮೇಲೆ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ನಾನು ಬೈದದ್ದು ಯಾರಿಗೆ ಅನುಕೂಲವಾಯಿತೆಂದು ಕಣ್ಣಿಗೆ ಹೊಡೆದ ಹಾಗೆ ಕಂಡಿತು.

ಮಾರನೆಯ ಬೆಳಿಗ್ಗೆ ಹೊಸನಗರದ ಬಸ್ಸು ಹತ್ತಿ, ಅವನು ಕೆಲಸ ಮಾಡುತ್ತಿದ್ದ ತೋಟದ ಹತ್ತಿರ ಇಳಿದೆ. ಕಂಡಕ್ಟರಿಗೆ ಅಂದು ರಜೆ, ಅವನೂ ಜೊತೆಗೆ ಬಂದ. ತೋಟದ ಯಜಮಾನರು ಮುದುಕರು, ನನ್ನನ್ನು ಯಾರೋ ಅಧಿಕಾರಿ ಎಂದುಕೊಂಡು ಮನೆಯ ಕಡೆ ತಿರುಗಿ "ಚಾ ಮಾಡಲೆ ಹೇಳು" ಎಂದು ಮಗನಿಗೆ ಕೂಗಿದರು. ಚಾ ಬೇಡ, ಕೊಯ್ಲು ನೋಡಬೇಕು ಎಂದೆ. ಫುಟ್‌ಬಾಲ್ ಕಲಿಸುವವನು ಎಂದು ತಿಳಿದ ಮೇಲೆ ಅವರಿಗೆ ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎನ್ನುವ ಅನುಮಾನ ಬಂದಿರಬೇಕು.

ಕಾಲುವೆಯ ದಂಡೆಯ ಮೇಲೆ ಕೂತು ಇಡೀ ಬೆಳಿಗ್ಗೆ ನೋಡಿದೆ. ಮೇಲಿನಿಂದ ಕೊನೆಗೌಡ "ಹೋಯ್" ಎನ್ನುತ್ತಾನೆ. ಗೊನೆ ಬರುತ್ತದೆ. ಕೆಳಗೆ ಇವನು ಹಿಡಿದು ಕುಕ್ಕರುಗಾಲಿಗೆ ಇಳಿಯುತ್ತಾನೆ, ಎಡಕ್ಕಿಡುತ್ತಾನೆ, ಮೇಲೆ ನೋಡುತ್ತಾನೆ. ಮೇಲೆ ನೋಡಿದ ಮೇಲೆಯೇ ಕೊನೆಗೌಡ ಮುಂದಿನದಕ್ಕೆ ಕತ್ತಿ ಹಾಕುವುದು. ಇವನು ನೋಡದೆ ಇದ್ದರೆ ಅವನು ಬಿಡುವುದಿಲ್ಲ. ಅದು ಅವರಿಬ್ಬರ ನಡುವಿನ ಕಟ್ಟುಪಾಡು, ಒಬ್ಬರ ತಲೆ ಇನ್ನೊಬ್ಬರ ಕೈಯಲ್ಲಿ. ನಾನು ಎರಡು ತಿಂಗಳಿಂದ ಬಿಡಿಸಲು ಹೊರಟದ್ದು ಅವನ ತಲೆ ಕಾಯುವ ಅಭ್ಯಾಸವನ್ನು.

ಆಮೇಲೆ ಇನ್ನೊಂದು ಕಂಡೆ. ಗೊನೆ ಹೊರುವ ಆಳು ಒಬ್ಬನಿದ್ದ. ಅವನು ದೂರದಲ್ಲಿದ್ದಾಗ ಮಾತ್ರ ಇವನು ಗೊನೆಯನ್ನು ನೆಲಕ್ಕಿಡುತ್ತಿದ್ದ. ಹೊರುವವನು ಎಡಗಡೆಗೆ ಬಂದು ನಿಂತು "ಹ್ಞೂಂ" ಎಂದರೆ ಸಾಕು, ತಿರುಗಿಯೂ ನೋಡದೆ ನೇರ ಅವನ ಕೈಗೆ ದಾಟಿಸುತ್ತಿದ್ದ. ಒಂದು ಸಲವೂ ತಪ್ಪಲಿಲ್ಲ.

ಪಕ್ಕದಲ್ಲಿ ಕೂತಿದ್ದ ಕಂಡಕ್ಟರಿಗೆ ಕೇಳಿದೆ, "ನಿನ್ನೆ ಅವನು ಚೆಂಡು ಹಿಡಿದಾಗ ನೀನು ಎಲ್ಲಿದ್ದೆ?"

"ಮುಂದೆ ಓಡ್ತಿದ್ದೆ ಮೇಷ್ಟ್ರೇ. ಅವ್ರು ಒದೀತಾರೆ, ನಾನು ಮುಂದೆ ಇರ್ಬೇಕು ಅಂತ ನೀವೇ ಹೇಳಿದ್ರಲ್ಲ."

ನಾನೇ ಹೇಳಿದ್ದೆ. ಕಲ್ಕತ್ತೆಯಲ್ಲಿ ಹಾಗೆ ಆಡುತ್ತಿದ್ದರು, ಅದಕ್ಕೆ ಹೇಳಿದ್ದೆ. ಅವನು ಹಿಡಿದ ಕೂಡಲೇ ಎಡಗಡೆಯಲ್ಲಿ ಇರಬೇಕಾದವನನ್ನು ನಲವತ್ತು ಗಜ ಆಚೆಗೆ ಓಡಿಸಿದ್ದವನು ನಾನು, ಎಲ್ಲರ ಎದುರು ಬೈಸಿಕೊಂಡವನು ಅವನು.

ಅಲ್ಲೇ ತೀರ್ಮಾನ ಮಾಡಿದೆ. ಕೈಯನ್ನು ಬದಲಾಯಿಸುವುದು ಬೇಡ, ತಂಡವನ್ನು ಬದಲಾಯಿಸೋಣ. ಮಧ್ಯಾಹ್ನ ಕೊಯ್ಲು ನಿಂತ ಮೇಲೆ ಪಕ್ಕದ ಒಣ ಗದ್ದೆಯಲ್ಲಿ ಎರಡು ಗೂಟ ನೆಟ್ಟು ಶುರುಮಾಡಿದೆವು. ಅವನು ಹಿಡಿಯುವ ಮೊದಲೇ ಕಂಡಕ್ಟರು ಅವನ ಎಡಕ್ಕೆ ಓಡಿ ಬರಬೇಕು. ಎದುರಾಳಿ ಹತ್ತಿರವಿದ್ದರೆ ಬಸ್ಸಿನಲ್ಲಿ ಕೂಗುವ ಹಾಗೆ "ಹೋಲ್ಡಾನ್" ಎನ್ನಬೇಕು. ಹಾಗೆಂದರೆ ಕೈಯಲ್ಲೇ ಇರಲಿ. ದಾರಿ ಖಾಲಿಯಾದರೆ "ರೈಟ್". ಆಗ ಇವನು ಎಡಕ್ಕೆ ಉರುಳಿಸುತ್ತಾನೆ, ಕಂಡಕ್ಟರು ಕಾಲಿಗೆ ತೆಗೆದುಕೊಂಡು ಮುಂದೆ ಸಾಗಿಸುತ್ತಾನೆ. ಆಮೇಲೆ ಇವನು ಬೇಕಾದರೆ ಆಕಾಶ ನೋಡಲಿ, ನಕ್ಷತ್ರ ಎಣಿಸಲಿ. ಐದು ದಿನ ಹಾಗೆಯೇ ಮಾಡಿದೆವು. ನಾನು ಅವನಿಗೆ ತಪ್ಪಾಯಿತು ಎಂದು ಹೇಳಲಿಲ್ಲ. ಹೇಳಬೇಕಿತ್ತು.

ಫೈನಲ್ಲಿಗೆ ಎರಡು ದಿನ ಮೊದಲು ಅಧ್ಯಕ್ಷರ ಹತ್ತಿರ ಹೋಗಿ ಗೋಲಿನಲ್ಲಿ ನಿಲ್ಲುವವನು ಅವನೇ ಎಂದೆ.

"ಪಟ್ಟಿ ಟೈಪ್ ಮಾಡ್ಸಿ ಆಗಿದೆ ಮೇಷ್ಟ್ರೇ" ಎಂದರು.

"ಪಟ್ಟಿ ನೀವು ತಿದ್ದಿ, ಇಲ್ಲ ನಾನು ರೈಲು ಹತ್ತುತ್ತೇನೆ."

"ಹೊಸನಗರದಲ್ಲಿ ಊರವರೆಲ್ಲ ನಕ್ಕಿದ್ದು ಮರ್ತು ಹೋಯ್ತಾ?"

"ನಕ್ಕವರು ಯಾರೂ ಐವತ್ತು ಅಡಿ ಮೇಲಿನ ಗೊನೆ ಹಿಡಿದವರಲ್ಲ. ನಿಮ್ಮ ಅಕ್ಕನ ಮಗ ಚೆಂಡು ಬಂದರೆ ಮದುವೆ ಹೆಣ್ಣಿನ ಹಾಗೆ ಮುಖ ತಿರುಗಿಸುತ್ತಾನೆ. ಅವನನ್ನು ನಿಲ್ಲಿಸುವುದಾದರೆ ತಂಡವನ್ನು ನೀವೇ ಆಡಿಸಿ."

ಮಂಡಿಯ ಗುಮಾಸ್ತರು ತಲೆ ತಗ್ಗಿಸಿ ಕೂತರು. ಸಾಹುಕಾರರ ಹತ್ತಿರ ಯಾರೂ ಹಾಗೆ ಮಾತಾಡಿದ್ದಿಲ್ಲವಂತೆ. ಅವರು ಲೆಕ್ಕದ ಪುಸ್ತಕದ ಹಾಳೆ ತಿರುವಿದರು.

ತೀರ್ಥಹಳ್ಳಿಯಲ್ಲಿ ತುಂಗೆಯ ಕಡೆಯ ಮೈದಾನ. ಮೋಡವಿತ್ತು, ಜನವೂ ಇತ್ತು. ಕಾರ್ಖಾನೆಯ ತಂಡದ ಮ್ಯಾನೇಜರು ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅಕ್ಕನ ಮಗ ಆಗಲೇ ಗೋಲ್‌ಕೀಪರಿನ ಹಸಿರು ಅಂಗಿ ತೊಟ್ಟು ಗವಸು ಏರಿಸಿದ್ದ. ನಾನು ನೇರ ಹೋಗಿ ಅಂಗಿ ಬಿಚ್ಚು ಎಂದೆ. ಅವನು ಮಾವನ ಮುಖ ನೋಡಿದ. ಅಧ್ಯಕ್ಷರು ಎದ್ದು ಬಂದರು. ಅಲ್ಲೇ ಜಗಳವಾಯಿತು. ನನ್ನ ಬಾಯಿಂದ ಏನೇನು ಬಂತೋ ಎಲ್ಲವನ್ನೂ ಇಲ್ಲಿ ಬರೆಯಲಾರೆ. ಜನ ಆಟಕ್ಕಿಂತ ಮೊದಲು ಇದನ್ನು ನೋಡಲು ಸುತ್ತ ನೆರೆದರು.

ಕೊನೆಗೆ ಅಧ್ಯಕ್ಷರು ತಣ್ಣಗೆ, "ಆಯ್ತು ಮಾರಾಯ್ರೇ, ನಿಮ್ಗೆ ಯಾರು ಬೇಕೋ ಅವರನ್ನ ನಿಲ್ಸಿಕೊಳ್ಳಿ" ಎಂದರು.

ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಒಂದು ಕಾಗದ, ಪೆನ್ನು ಹಿಡಿದು ಬಂದ. ರೆಫರಿ ಕಾಯುತ್ತಿದ್ದಾರೆ, ಸೈನ್ ಹಾಕಿ ಎಂದ. ನಾನು ಆಗಲೂ ತಿರುಗಿ ತಿರುಗಿ ಅಧ್ಯಕ್ಷರಿಗೆ ಏನೋ ಹೇಳುತ್ತಲೇ ಇದ್ದೆ. ಆ ಹಸಿರು ಅಂಗಿ ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ಹೋಗುವುದನ್ನು ಕಣ್ತುಂಬ ನೋಡುತ್ತ, ಕಂಡಕ್ಟರಿನ ಬೆನ್ನ ಮೇಲೆ ಕಾಗದವಿಟ್ಟು ರುಜು ಹಾಕಿ ಹಿಂದಕ್ಕೆ ಕೊಟ್ಟೆ.

ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೀರ್ಥಹಳ್ಳಿಯವರು ನಮಗಿಂತ ಒಳ್ಳೆಯ ತಂಡ. ಎರಡೂ ಕಡೆಯಿಂದ ಎತ್ತರದ ಚೆಂಡು ಹಾಕುತ್ತಲೇ ಹೋದರು. ಇವನು ಎಲ್ಲವನ್ನೂ ಇಳಿಸಿಕೊಂಡ. ಪ್ರತಿ ಸಲ ಎಡಗಡೆಯಿಂದ ಕಂಡಕ್ಟರಿನ ಗಂಟಲು. ಹೋಲ್ಡಾನ್. ರೈಟ್. ಮೊದಮೊದಲು ಜನ ನಕ್ಕರು. ಆಮೇಲೆ ನಗು ನಿಂತಿತು, ಅವರೂ ಜೊತೆಯಲ್ಲಿ ಕೂಗತೊಡಗಿದರು. ಹೀಗೆ ಎಡಗಡೆಯಿಂದ ಹೊರಟ ಒಂದು ಚೆಂಡು ನಮ್ಮ ಸೆಂಟರ್ ಫಾರ್ವರ್ಡ್ ವರೆಗೆ ಹೋಗಿ ಗೋಲಾಯಿತು.

ಮುಗಿಯಲು ಎರಡು ನಿಮಿಷ ಇರುವಾಗ ಅವರಿಗೆ ಕಾರ್ನರ್ ಸಿಕ್ಕಿತು. ಮಳೆ ಹನಿಯತೊಡಗಿತ್ತು. ಆರೇಳು ಜನರ ನಡುವೆ ಅವನ ಕೈ ಮಾತ್ರ ಮೇಲೆ ಕಂಡಿತು. ಚೆಂಡು ಇಳಿಯಿತು, ಅವನೂ ಇಳಿದ. ಅವರ ಫಾರ್ವರ್ಡ್ ಎದುರಿಗೇ ಇದ್ದ. ಕಂಡಕ್ಟರು ಕೆಸರಿನಲ್ಲಿ ಜಾರಿ ಬಿದ್ದಿದ್ದ, ಎಡಗಡೆ ಯಾರೂ ಇರಲಿಲ್ಲ. ಅವನ ಕೈ ಎಡಕ್ಕೆ ಹೊರಟದ್ದನ್ನು ನಾನು ಕಂಡೆ. ಬಿದ್ದಲ್ಲಿಂದಲೇ ಕಂಡಕ್ಟರು ಗಂಟಲು ಹರಿಯುವ ಹಾಗೆ ಹೋಲ್ಡಾನ್ ಎಂದ. ಕೈ ಹಿಂದಕ್ಕೆ ಬಂತು. ಚೆಂಡನ್ನು ಹೊಟ್ಟೆಗೆ ಅವುಚಿ ಅವನು ಅದರ ಮೇಲೆ ಮಲಗಿಬಿಟ್ಟ.

ಗೆದ್ದೆವು. ಮ್ಯಾನೇಜರು ನಾನಿದ್ದಲ್ಲಿಗೇ ಬಂದು ಕೈ ಕುಲುಕಿದರು. "ನಿಮ್ಮ ಗೋಲ್‌ಕೀಪರ್ ನಮಗೆ ಬೇಕು. ಇಂಥ ಕೈ ನೋಡಿಯೇ ಇಲ್ಲ. ಹೆಸರು, ವಿಳಾಸ ಎಲ್ಲ ಯಾರ ಹತ್ತಿರ ಸಿಗುತ್ತದೆ?"

"ಕೊಡ್ರೀ ಅವರಿಗೆ ಪಟ್ಟಿಯನ್ನ" ಎಂದು ಕಾರ್ಯದರ್ಶಿಗೆ ಕೂಗಿದೆ. ನನ್ನ ಜಂಬ ಕೇಳಬೇಡಿ. ಅಧ್ಯಕ್ಷರ ಕಡೆ ನೋಡಿ ನಕ್ಕೆ ಕೂಡ.

ಹದಿನೈದು ದಿನವಾದರೂ ಅವನಿಗೆ ಕಾಗದ ಬರಲಿಲ್ಲ. ಅವನ ತಾಯಿ ಎರಡು ಸಲ ಬಸ್ಸು ನಿಲ್ಲಿಸಿ ವಿಚಾರಿಸಿದಳು. ಮೂರನೆಯ ವಾರ ಅಕ್ಕನ ಮಗ ಊರಲ್ಲಿ ಕಾಣಲಿಲ್ಲ. ಮಂಡಿಯಲ್ಲಿ ಪೇಡೆ ಹಂಚಿದರು. ಯಾಕೆಂದು ಗುಮಾಸ್ತರನ್ನು ಕೇಳಿದೆ. ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸವಾಯಿತಲ್ಲ ಎಂದರು. ಪೇಡೆ ನನ್ನ ಕೈಯಲ್ಲೇ ಇತ್ತು.

ಅಂದೇ ರೈಲು ಹತ್ತಿದೆ. ಮ್ಯಾನೇಜರು ಮುಖ ತಗ್ಗಿಸಿಯೇ ಮಾತಾಡಿದರು. "ಬಂದ ಹುಡುಗ ಅವನಲ್ಲ ಅಂತ ಅಭ್ಯಾಸದ ಮೊದಲ ದಿನವೇ ಗೊತ್ತಾಯಿತು ನನಗೆ. ಆದರೆ ಆರ್ಡರ್ ಆಗಿಹೋಗಿದೆ. ಆಫೀಸಿನವರು ಆ ಪಟ್ಟಿ ನೋಡಿ ಮಾಡಿದ್ದು." ಕಪಾಟಿನಿಂದ ಕಾಗದ ತೆಗೆದು ಮುಂದಿಟ್ಟರು. ಮೊದಲ ಸಾಲು ಗೋಲ್‌ಕೀಪರ್, ಮುಂದೆ ಅಕ್ಕನ ಮಗನ ಹೆಸರು, ಮಂಡಿಯ ವಿಳಾಸ. ತಿದ್ದಿಯೇ ಇರಲಿಲ್ಲ. ಎಲ್ಲಕ್ಕಿಂತ ಕೆಳಗೆ ಒಂದು ರುಜು.

"ಇದು ನಿಮ್ಮದೇ ಹೌದಲ್ಲ?" ಎಂದು ಕೇಳಿದರು.

ನನ್ನದೇ. ಬೆನ್ನ ಮೇಲೆ ಹಾಕಿದ್ದರಿಂದ ಒಂದು ಅಕ್ಷರ ಜಾರಿತ್ತು.

ಸಾಗರಕ್ಕೆ ಬಂದು ಅಧ್ಯಕ್ಷರ ಮೇಲೆ ಕೆಂಡ ಕಾರಿದೆ. ಅವರು ಅಡಿಕೆ ಆರಿಸುವುದನ್ನು ನಿಲ್ಲಿಸಲಿಲ್ಲ. "ನಾನು ಯಾರಿಗೂ ಸುಳ್ಳು ಹೇಳಿಲ್ಲ ಮೇಷ್ಟ್ರೇ. ಪಟ್ಟಿಗೆ ಸೈನ್ ಹಾಕ್ದೋರು ನೀವು. ಕೊಡಿ ಅಂತ ಕೂಗ್ದೋರೂ ನೀವು. ಅಲ್ದೆ ಆ ಮನುಷ್ಯ ಅಷ್ಟು ದೂರ ಹೋಗಿ ಎಂತ ಮಾಡ್ತಿದ್ದ? ಓದಕ್ಕೆ ಬರಲ್ಲ, ಬರೆಯಕ್ಕೆ ಬರಲ್ಲ." ಅವರ ಕೊರಳಪಟ್ಟಿ ಹಿಡಿಯಲು ಕೈ ಎತ್ತಿದ್ದೆ, ಗುಮಾಸ್ತರು ಹಿಡಿದುಕೊಂಡರು. ಇವತ್ತಿಗೂ ಆ ಮನುಷ್ಯನನ್ನು ನಾನು ಕ್ಷಮಿಸಿಲ್ಲ, ಅವರು ಸತ್ತು ಎಷ್ಟೋ ವರ್ಷವಾದರೂ. ಆ ಅಕ್ಕನ ಮಗನನ್ನೂ ಕ್ಷಮಿಸಿಲ್ಲ. ಅವನಿಗೇನು ಗೊತ್ತಿತ್ತು ಪಾಪ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಗವಸು ಏರಿಸಿಕೊಂಡು ಹೋದನಲ್ಲ.

ಕೋಣೆ ಖಾಲಿ ಮಾಡಿ, ಟ್ರಂಕು ಹಿಡಿದು ಕಂಡಕ್ಟರಿನ ಬಸ್ಸು ಹತ್ತಿದೆ. ತೋಟದಲ್ಲಿ ಕೊಯ್ಲು ನಡೆಯುತ್ತಲೇ ಇತ್ತು. ಅವನು ಮರದ ಬುಡದಲ್ಲಿ ಗೋಣಿ ಹಿಡಿದು ನಿಂತಿದ್ದ. ನಾನು ಎಲ್ಲವನ್ನೂ ಹೇಳಿದೆ. ಪಟ್ಟಿ, ಹೆಸರು, ಪೇಡೆ. ಅಧ್ಯಕ್ಷರನ್ನು ಬೈದೆ, ಕಾರ್ಖಾನೆಯವರನ್ನು ಬೈದೆ. ಬೈದು ಬೈದು ಸುಸ್ತಾಗಿ ಸುಮ್ಮನಾದೆ. ಅವನು ಮೇಲೆ ನೋಡದ್ದರಿಂದ ಕೊನೆಗೌಡ ಕತ್ತಿ ಹಿಡಿದು ಮರದ ತುದಿಯಲ್ಲೇ ಕಾಯುತ್ತಿದ್ದ.

"ಸೈನ್ ಹಾಕಿದ್ದು ನೀವೇನ್ರಾ?" ಎಂದ.

"ನಾನೇ."

"ಓದ್ಲಿಲ್ವಾ?"

"ಓದಲಿಲ್ಲ. ಸಿಟ್ಟಿನಲ್ಲಿದ್ದೆ. ಆ ಸಾಹುಕಾರರ ಜೊತೆ..."

ಅವನು ಗೋಣಿಯ ಅಂಚು ಮಡಿಸಿದ. ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು.

"ಅವತ್ತು ಹೊಸನಗರದಲ್ಲಿ ಎಲ್ಲರೆದುರಿಗೆ ಬೈದ್ರಿ ಮೇಷ್ಟ್ರೇ. ಚೆಂಡು ಕೈಯಾಗೆ ಇದ್ದಾಗ ಎತ್ತ ನೋಡ್ತಿದ್ದೆ ಅಂತ. ನಾನು ಓದಕ್ ಬರದೋನು. ನೀವು ಕಾಗ್ದ ಕೈಯಾಗೆ ಇದ್ದಾಗ ಎತ್ಲಾಗೆ ನೋಡ್ತಿದ್ರಿ?"

ಅವನು ಕಾದ. ಆಮೇಲೆ ತಲೆಯೆತ್ತಿ ಮೇಲೆ ನೋಡಿದ. ಕೊನೆಗೌಡ ಹೋಯ್ ಎಂದ. ಗೊನೆ ಬಂತು.

ಅಲ್ಲಿಂದ ಮುಂದೆ ನಾನು ಹದಿನಾಲ್ಕು ತಂಡಗಳಿಗೆ ಆಟ ಕಲಿಸಿದೆ. ಪ್ರತಿ ಪಂದ್ಯಕ್ಕೆ ಮೊದಲು ಆಟಗಾರರನ್ನು ಸಾಲಾಗಿ ನಿಲ್ಲಿಸಿ, ಪಟ್ಟಿಯನ್ನು ಗೋಲ್‌ಕೀಪರಿನಿಂದ ಶುರುಮಾಡಿ ಗಟ್ಟಿಯಾಗಿ ಓದುತ್ತೇನೆ. ತನ್ನ ಹೆಸರು ಕೇಳಿದವನು ಕೈ ಎತ್ತಬೇಕು. ಆಮೇಲೆಯೇ ರುಜು. ಮೇಷ್ಟ್ರಿಗೆ ಅರಳುಮರಳು ಎಂದು ಅವರು ಹಿಂದಿನಿಂದ ಆಡಿಕೊಳ್ಳುವುದು ನನಗೆ ಗೊತ್ತು.

ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯಬಾರದು ಎಂದುಕೊಂಡೇ ಕೂತಿದ್ದೆ. ಆದರೆ ಬರೆದು ಮುಗಿಸಿದ ಮೇಲೆ ಓದಿ ನೋಡಿದೆ. ಈಗಂತೂ ಓದುವ ಅಭ್ಯಾಸವಿದೆ. ಇದರ ಕೆಳಗೂ ನನ್ನ ರುಜು ಬೀಳುತ್ತದೆ, ಇದರಲ್ಲೂ ಅವನ ಹೆಸರಿಲ್ಲ.

ತೀರ್ಥಹಳ್ಳಿ ಫೈನಲ್, ಸಾಗರದ ತಂಡ. ಗೋಲ್‌ಕೀಪರ್: ಗುತ್ಯಪ್ಪ.